ಅಮ್ಮನಿಗಿತ್ತು, ನನಗೂ ಬರುತ್ತಾ?

ಅರಿಶಿನ ಕುಂಕುಮಕ್ಕೆ ಹೋದಾಗಲೋ, ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗಲೋ ಯಾರದಾದರೂ ಕ್ಯಾನ್ಸರ್ ಸುದ್ದಿ ಬಂದೇ ಬರುತ್ತದೆ. ಆಗ ಎರಡು ಮಾತು ಕೇಳಿಸುತ್ತವೆ. ಒಂದು, ‘ನಮ್ಮ ವಂಶದಲ್ಲೇ ಯಾರಿಗೂ ಇಲ್ಲ ಕಣ್ರೀ, ನಂಗ್ಯಾಕೆ ಬರುತ್ತೆ?’ ಇನ್ನೊಂದು, ಸ್ವಲ್ಪ ತಗ್ಗಿದ ದನಿಯಲ್ಲಿ, ‘ನಮ್ಮಮ್ಮನಿಗೆ ಇತ್ತು. ನಂಗೂ ಒಂದಲ್ಲ ಒಂದಿನ ಬರೋದೇ.’ ಮೊದಲನೆಯವರಿಗೆ ಧೈರ್ಯ, ಎರಡನೆಯವರಿಗೆ ಭಯ. ಆದರೆ ಕೊನೆಗೆ ಇಬ್ಬರೂ ಮಾಡುವುದು ಒಂದೇ: ಡಾಕ್ಟರ ಹತ್ತಿರ ಹೋಗದೇ ಇರುವುದು. ಒಬ್ಬರಿಗೆ ಹೋಗುವ ಅಗತ್ಯವೇ ಇಲ್ಲ ಅನಿಸುತ್ತೆ, ಇನ್ನೊಬ್ಬರಿಗೆ ಹೋಗಿ ಏನು ಪ್ರಯೋಜನ ಅನಿಸುತ್ತೆ.

ಇಬ್ಬರ ಲೆಕ್ಕವೂ ಸರಿಯಲ್ಲ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು. ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಹೀಗೆ ಕಾಯಿಲೆ ಬಂದವರಲ್ಲಿ ಹುಟ್ಟಿನಿಂದಲೇ ದೋಷವಿರುವ ಒಂದು ಜೀನ್ ಕಾರಣವಾಗಿರುವುದು ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಮಾತ್ರ. ಉಳಿದ ತೊಂಬತ್ತು ಮಂದಿಯಲ್ಲಿ ಬಹಳಷ್ಟು ಜನ ‘ನಮ್ಮ ವಂಶದಲ್ಲೇ ಇಲ್ಲ’ ಎಂದುಕೊಂಡಿದ್ದವರೇ. ಇನ್ನು ಅಮ್ಮನಿಗೆ ಇದ್ದರೆ ಮಗಳಿಗೆ ಬಂದೇ ತೀರುತ್ತೆ ಅನ್ನುವುದೂ ಸುಳ್ಳು. ಅಪಾಯ ಹೆಚ್ಚು, ನಿಜ. ಆದರೆ ಹೆಚ್ಚು ಅನ್ನುವುದಕ್ಕೂ ಖಂಡಿತ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಎರಡು ಚಿಲಕದ ಬಾಗಿಲು

ಜೀನ್, ವಂಶವಾಹಿ ಅಂದ ಕೂಡಲೇ ಹೈಸ್ಕೂಲಿನ ಜೀವಶಾಸ್ತ್ರ ನೆನಪಾಗಿ ಪುಟ ತಿರುಗಿಸಬೇಡಿ. ವಿಷಯ ಅಷ್ಟೇನೂ ಕಷ್ಟದ್ದಲ್ಲ. ನಮ್ಮ ದೇಹದಲ್ಲಿ ಪ್ರತಿದಿನ ಕೋಟಿಗಟ್ಟಲೆ ಜೀವಕೋಶಗಳು ಸತ್ತು, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಹೊಸ ಕೋಶ ಹುಟ್ಟುವಾಗ ಹಳೆಯದರ ಬರಹವನ್ನೆಲ್ಲ ನಕಲು ಮಾಡಿಕೊಳ್ಳಬೇಕು. ಅಜ್ಜಿಯ ಅಡುಗೆ ಪುಸ್ತಕವನ್ನು ನಾವು ನಕಲು ಮಾಡಿದ ಹಾಗೆ. ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಅದನ್ನು ಹುಡುಕಿ ತಿದ್ದುವುದಕ್ಕೆಂದೇ ದೇಹದಲ್ಲಿ ಕೆಲವು ಜೀನ್‌ಗಳಿವೆ. ಬಿಆರ್‌ಸಿಎ-1, ಬಿಆರ್‌ಸಿಎ-2 ಅಂತ ಕೇಳಿರಬಹುದು, ಅವು ಇಂಥ ರಿಪೇರಿ ಕೆಲಸದವು. ತಿದ್ದುವವರು ಕೈಕೊಟ್ಟರೆ ತಪ್ಪಿನ ಮೇಲೆ ತಪ್ಪು ಸೇರುತ್ತಾ ಹೋಗಿ, ಕೊನೆಗೊಂದು ದಿನ ಒಂದು ಕೋಶ ಹತೋಟಿ ತಪ್ಪಿ ಬೆಳೆಯಲು ಶುರು ಮಾಡುತ್ತದೆ. ಅದೇ ಕ್ಯಾನ್ಸರ್.

ಪ್ರತಿ ಜೀನ್‌ಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಬಾಗಿಲಿಗೆ ಎರಡು ಚಿಲಕ ಇದ್ದ ಹಾಗೆ. ಒಂದು ಕೆಟ್ಟರೂ ಇನ್ನೊಂದು ತಡೆಯುತ್ತದೆ. ವಂಶದಲ್ಲಿ ದೋಷ ಬಂದವರಿಗೆ ಹುಟ್ಟುವಾಗಲೇ ಒಂದು ಚಿಲಕ ಮುರಿದಿರುತ್ತದೆ. ಕಳ್ಳ ಬಂದೇ ಬರುತ್ತಾನೆ ಅಂತಲ್ಲ, ಬಂದರೆ ಮುರಿಯಬೇಕಾದದ್ದು ಒಂದೇ ಚಿಲಕ. ಹಾಗಾಗಿಯೇ ಇಂಥ ಮನೆತನಗಳಲ್ಲಿ ಕಾಯಿಲೆ ಮೂವತ್ತು, ನಲವತ್ತರ ವಯಸ್ಸಿಗೇ ಕಾಣಿಸಿಕೊಳ್ಳುತ್ತದೆ.

ಸ್ತನ ಕ್ಯಾನ್ಸರ್ ಕೆಲವು ಕುಟುಂಬಗಳಲ್ಲಿ ಜೀನ್ ಮೂಲಕ ಹರಿದು ಬರುತ್ತದೆ ಎಂದು 1990ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್. ಆಕೆ ಹೀಗೆಂದಾಗ ನಂಬಿದವರು ಕಡಿಮೆ. 1994ರಲ್ಲಿ ಬಿಆರ್‌ಸಿಎ-1, ಮರುವರ್ಷ ಬಿಆರ್‌ಸಿಎ-2 ಕೈಗೆ ಸಿಕ್ಕವು. ಈ ಜೀನ್‌ಗಳಲ್ಲಿ ದೋಷವಿರುವ ನೂರು ಹೆಂಗಸರನ್ನು ತೆಗೆದುಕೊಂಡರೆ 80 ವಯಸ್ಸಾಗುವ ಹೊತ್ತಿಗೆ ಸುಮಾರು 70 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ ಎಂದು 2017ರ ದೊಡ್ಡ ಅಧ್ಯಯನವೊಂದು ಹೇಳಿತು. ಅಂಡಾಶಯದ ಕ್ಯಾನ್ಸರ್ ಬಿಆರ್‌ಸಿಎ-1 ದೋಷವಿದ್ದರೆ 44, ಬಿಆರ್‌ಸಿಎ-2 ಆದರೆ 17. ಓದಿದರೆ ಎದೆ ಝಲ್ಲೆನ್ನುವ ಸಂಖ್ಯೆ. ಆದರೆ ಉಳಿದ ಆ 30 ಮಂದಿಯನ್ನೂ ನೋಡಿ. ಅದೇ ದೋಷ ಹೊತ್ತು ಹುಟ್ಟಿಯೂ ಅವರಿಗೆ 80ರವರೆಗೆ ಕಾಯಿಲೆ ಬರಲಿಲ್ಲ.

ಅಜ್ಜಿಗೊಂದು ಲೆಕ್ಕ, ಮೊಮ್ಮಗಳಿಗೊಂದು

ಇದೇ ಕಿಂಗ್ 2003ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಬಹಳ ಮುಖ್ಯ ಅನಿಸುತ್ತದೆ. ನ್ಯೂಯಾರ್ಕ್‌ನ ಯಹೂದಿ ಸಮುದಾಯದಲ್ಲಿ ಈ ಜೀನ್ ದೋಷ ಬೇರೆಯವರಿಗಿಂತ ಹೆಚ್ಚು. ಅಲ್ಲಿ ಸ್ತನ ಕ್ಯಾನ್ಸರ್ ಬಂದ ಸಾವಿರ ಮಹಿಳೆಯರನ್ನೂ ಅವರಲ್ಲಿ ದೋಷ ಕಂಡುಬಂದವರ ಬಂಧುಗಳನ್ನೂ ಪರೀಕ್ಷಿಸಿದರು. ದೋಷ ಇದ್ದವರಲ್ಲಿ 1940ಕ್ಕಿಂತ ಮೊದಲು ಹುಟ್ಟಿದವರಿಗೆ 50 ವಯಸ್ಸಿನೊಳಗೆ ಕಾಯಿಲೆ ಬರುವ ಸಾಧ್ಯತೆ ಶೇ. 24 ಇತ್ತು. 1940ರ ನಂತರ ಹುಟ್ಟಿದವರಿಗೆ ಅದೇ ಶೇ. 67! ಜೀನ್ ಅದೇ, ಮನೆತನ ಅದೇ. ಬದಲಾಗಿದ್ದು ಬದುಕುವ ರೀತಿ. ಹರೆಯದಲ್ಲಿ ಚೆನ್ನಾಗಿ ಓಡಾಡಿಕೊಂಡು, ದಪ್ಪವಾಗದೆ ಇದ್ದವರಿಗೆ ಕಾಯಿಲೆ ತಡವಾಗಿ ಬಂದಿತ್ತು ಅನ್ನುವುದೂ ಅದರಲ್ಲೇ ಗೊತ್ತಾಯಿತು. ಮುರಿದ ಚಿಲಕ ಇದ್ದವರಲ್ಲೂ ಹೀಗೆ ಅಂದಮೇಲೆ ‘ಎಲ್ಲಾ ಹಣೆಬರಹ’ ಅಂತ ಕೈಕಟ್ಟಿ ಕೂರುವುದು ಹೇಗೆ?

ಅವಳಿಗಳ ಮೇಲೂ ಅಧ್ಯಯನ ನಡೆದಿದೆ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸುಮಾರು 45 ಸಾವಿರ ಅವಳಿ ಜೋಡಿಗಳ ಲೆಕ್ಕ ನೋಡಿ 2000ದಲ್ಲಿ ಹೇಳಿದ್ದೇನೆಂದರೆ, ಸ್ತನ ಕ್ಯಾನ್ಸರ್‌ನಲ್ಲಿ ಹುಟ್ಟಿನಿಂದ ಬಂದ ಗುಣದ ಪಾಲು ಸುಮಾರು ಶೇ. 27. ಉಳಿದದ್ದಕ್ಕೆ ಪರಿಸರ, ಅಭ್ಯಾಸ, ಅದೃಷ್ಟ ಎಲ್ಲ ಸೇರಿಕೊಂಡಿವೆ. ಜಪಾನಿನಿಂದ ಹವಾಯಿಗೆ, ಕ್ಯಾಲಿಫೋರ್ನಿಯಾಗೆ ವಲಸೆ ಹೋದ ಕುಟುಂಬಗಳಲ್ಲೂ ಒಂದೆರಡು ತಲೆಮಾರಿನಲ್ಲೇ ಸ್ತನ ಕ್ಯಾನ್ಸರ್ ಏರಿತು.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರನ್ನೇ ನೋಡಿ. ಇಲ್ಲಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದಲೂ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕ ಬರೆದಿಡುತ್ತಿದ್ದಾರೆ. ಆಗ ಹೆಂಗಸರಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಗರ್ಭಕೊರಳಿನ ಕ್ಯಾನ್ಸರ್. ಕ್ರಮೇಣ ಅದು ಇಳಿಯಿತು, ಸ್ತನ ಕ್ಯಾನ್ಸರ್ ಏರಿ ಮೊದಲ ಸ್ಥಾನಕ್ಕೆ ಬಂತು. ಒಂದು ಊರಿನ ಜನರ ಜೀನ್‌ಗಳು ನಲವತ್ತು ವರ್ಷದಲ್ಲಿ ಬದಲಾಗುವುದಿಲ್ಲ. ಹಾಗಾದರೆ ಬದಲಾಗಿದ್ದೇನು?

ನಮ್ಮ ಅಜ್ಜಿಯರಿಗೆ ಹದಿನಾರಕ್ಕೆ ಮದುವೆ, ಹದಿನೆಂಟಕ್ಕೆ ಕೈಗೂಸು, ಒಟ್ಟು ಆರೇಳು ಮಕ್ಕಳು, ಪ್ರತಿಯೊಂದಕ್ಕೂ ಎರಡು ವರ್ಷ ಎದೆಹಾಲು. ಬಸುರಿ, ಬಾಣಂತಿ ಅಂತ ಮುಟ್ಟು ನಿಂತ ತಿಂಗಳುಗಳೇ ಹೆಚ್ಚು. ಸ್ತನದ ಕೋಶಗಳನ್ನು ಬೆಳೆಯುವಂತೆ ಕೆಣಕುವ ಈಸ್ಟ್ರೋಜನ್ ಹಾರ್ಮೋನಿನ ಏರಿಳಿತ ಅವರಿಗೆ ಕಡಿಮೆ ಇತ್ತು. ನಮ್ಮ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಿದ್ದಾರೆ, ಮೊದಲ ಮಗು ಮೂವತ್ತರ ಆಸುಪಾಸು, ಮಕ್ಕಳು ಒಂದೋ ಎರಡೋ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಸೇರಿಸಿ 2002ರಲ್ಲಿ ಮಾಡಿದ ಲೆಕ್ಕದಂತೆ, ಪ್ರತಿ ಹೆರಿಗೆಗೆ ಅಪಾಯ ಶೇ. 7ರಷ್ಟು, ಎದೆಹಾಲು ಕೊಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಇನ್ನೂ ಶೇ. 4.3ರಷ್ಟು ಕಡಿಮೆಯಾಗುತ್ತದೆ.

ಇದನ್ನು ಓದಿ ಯಾವ ಅತ್ತೆಯೂ ಸೊಸೆಗೆ ‘ನೋಡು, ಅದಕ್ಕೇ ಹೇಳಿದ್ದು ಬೇಗ ಮಕ್ಕಳು ಮಾಡ್ಕೋ ಅಂತ’ ಎನ್ನಬಾರದು. ಆ ಕಾಲದಲ್ಲಿ ಹೆರಿಗೆಯಲ್ಲೇ ಎಷ್ಟು ಜನ ಹೋದರು ಅನ್ನುವುದನ್ನು ಮರೆಯುವ ಹಾಗಿಲ್ಲ. ಚಿಕ್ಕ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ ಗರ್ಭಕೊರಳಿನ ಕ್ಯಾನ್ಸರ್‌ಗೆ ದಾರಿ ಮಾಡಿಕೊಡುತ್ತಿದ್ದವು. ಅದು ಹೆಚ್ಚೂಕಡಿಮೆ ಪೂರ್ತಿಯಾಗಿ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಕಾಯಿಲೆ. ಅದಕ್ಕೆ ಈಗ ಲಸಿಕೆಯೇ ಇದೆ, 2023ರಿಂದ ನಮ್ಮ ದೇಶದಲ್ಲೇ ತಯಾರಾದದ್ದೂ ಸಿಗುತ್ತಿದೆ. ಮನೆಯಲ್ಲಿ 9ರಿಂದ 14 ವಯಸ್ಸಿನ ಹೆಣ್ಣುಮಗು ಇದ್ದರೆ ಮಕ್ಕಳ ಡಾಕ್ಟರನ್ನು ಈ ವಾರವೇ ಕೇಳಿ.

ನಮ್ಮ ಕೈಯಲ್ಲಿ ಏನಿದೆ?

ಯಾವಾಗ ಮೈನೆರೆದೆವು, ಎಷ್ಟು ಮಕ್ಕಳಾದವು ಅನ್ನುವುದನ್ನು ಈಗ ಹಿಂದೆ ಹೋಗಿ ಬದಲಿಸಲಾಗದು. ಆದರೆ ತೂಕ ನಮ್ಮ ಕೈಯಲ್ಲಿದೆ. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಮಾಡುವುದನ್ನು ನಿಲ್ಲಿಸುತ್ತದೆ, ಆದರೆ ಹೊಟ್ಟೆ ಸೊಂಟದ ಕೊಬ್ಬು ಅದನ್ನು ತಯಾರಿಸುತ್ತಲೇ ಇರುತ್ತದೆ. ಹಾಗಾಗಿ ‘ಮುಟ್ಟು ನಿಂತ ಮೇಲೆ ದಪ್ಪ ಆಗೋದು ಸಹಜ ಬಿಡಿ’ ಅಂತ ಸುಮ್ಮನಾಗಬೇಡಿ. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ‘ಮನೆ ಕೆಲಸ ಇಲ್ವಾ, ಅದೇ ವ್ಯಾಯಾಮ’ ಅನ್ನುವವರಿಗೆ ಒಂದು ಮಾತು. ನಮ್ಮ ಅಜ್ಜಿ ಒರಳಲ್ಲಿ ರುಬ್ಬುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು. ನಮ್ಮದು ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್. ಇಡೀ ದಿನ ಕಾಲ ಮೇಲೆ ನಿಂತು ಸುಸ್ತಾಗುವುದು ನಿಜ, ಆದರೆ ಎದೆ ಬಡಿತ ಏರುವ ಕೆಲಸ ಎಷ್ಟಿದೆ ಅಂತ ನೀವೇ ಲೆಕ್ಕ ಹಾಕಿ.

ಮದ್ಯದ ವಿಷಯವನ್ನು ಗೃಹಿಣಿಯರ ಪುಟದಲ್ಲಿ ಬರೆಯಬೇಕಾ ಅಂತ ಒಂದು ಕಾಲದಲ್ಲಿ ಕೇಳುತ್ತಿದ್ದರು. ಈಗ ಬರೆಯಲೇಬೇಕು. ಪಾರ್ಟಿಯಲ್ಲಿ ‘ಒಂದು ಗ್ಲಾಸ್ ವೈನ್ ಹೃದಯಕ್ಕೆ ಒಳ್ಳೇದಂತೆ’ ಎನ್ನುವವರು ಸ್ತನಕ್ಕೆ ಏನಾಗುತ್ತೆ ಅಂತ ಹೇಳುವುದಿಲ್ಲ. ದಿನಕ್ಕೊಂದು ಗ್ಲಾಸ್ ಆದರೂ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತದೆ. ಜೀನ್ ಮತ್ತು ಅಭ್ಯಾಸ ಹೇಗೆ ಕೈಕೈ ಹಿಡಿಯುತ್ತವೆ ಅನ್ನುವುದಕ್ಕೆ ಮದ್ಯವೇ ಒಳ್ಳೆಯ ಉದಾಹರಣೆ. ಜಪಾನ್, ಚೀನಾ, ಕೊರಿಯಾದ ಬಹಳ ಜನರಿಗೆ ಒಂದು ಜೀನ್‌ನಲ್ಲಿ ಸಣ್ಣ ವ್ಯತ್ಯಾಸವಿದೆ. ಅದರಿಂದಾಗಿ ಮದ್ಯ ಒಡೆದು ಬರುವ ವಿಷ ಬೇಗ ಕರಗುವುದಿಲ್ಲ, ಕುಡಿದ ಕೂಡಲೇ ಮುಖ ಕೆಂಪಾಗುತ್ತದೆ. ಅಂಥವರು ಕುಡಿತ ಮುಂದುವರಿಸಿದರೆ ಅನ್ನನಾಳದ ಕ್ಯಾನ್ಸರ್ ಅಪಾಯ ಹಲವು ಪಟ್ಟು. ಅದೇ ಜೀನ್ ಇದ್ದೂ ಮದ್ಯ ಮುಟ್ಟದವರಿಗೆ ಆ ಅಪಾಯ ಏರುವುದಿಲ್ಲ.

ನಮ್ಮ ಕಡೆಯ ಅಭ್ಯಾಸ ಎಂದರೆ ಎಲೆ ಅಡಿಕೆ. ಈ ಮಾತು ಹೇಳಿದರೆ ಮಲೆನಾಡಿನ ನೆಂಟರು ಮುನಿಸಿಕೊಳ್ಳುತ್ತಾರೆ, ಗೊತ್ತಿದೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ತಾಂಬೂಲವಿಲ್ಲದೆ ನಮ್ಮ ಯಾವ ಶುಭಕಾರ್ಯವೂ ಇಲ್ಲ. ಬಾಣಂತಿಗೂ ಊಟವಾದ ಮೇಲೆ ವೀಳ್ಯ ಕೊಡುವ ಪದ್ಧತಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಸೇರಿಸದ ಎಲೆ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿ 20 ವರ್ಷದ ಮೇಲಾಯಿತು. ಹೊಗೆಸೊಪ್ಪು, ಕಡ್ಡಿಪುಡಿ, ಹಲ್ಲಿಗೆ ತಿಕ್ಕುವ ನಶ್ಯ ಸೇರಿದರಂತೂ ಹೇಳುವುದೇ ಬೇಡ. ತಾಂಬೂಲ ಕೊಡಿ, ತೆಗೆದುಕೊಳ್ಳಿ, ಹಬ್ಬಕ್ಕೆ ದೇವರ ಮುಂದಿಡಿ. ದಿನಾ ನಾಲ್ಕು ಹೊತ್ತು ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವುದು ಬೇರೆ ವಿಷಯ. ಮನೆಯಲ್ಲಿ ಹಾಕಿಕೊಳ್ಳುವ ಹಿರಿಯರಿದ್ದರೆ ಖಾರ ತಿಂದಾಗ ಬಾಯಿ ಉರಿಯುತ್ತಾ, ಬಾಯಿ ಪೂರ್ತಿ ತೆರೆಯಲು ಆಗುತ್ತಾ, ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ ಅಂತ ನೋಡಿ. ಇದ್ದರೆ ದಂತವೈದ್ಯರೂ ಪರೀಕ್ಷಿಸುತ್ತಾರೆ.

ಕಪ್ಪು ಬ್ರಾ ಹಾಕಿದರೆ ಬರುತ್ತಂತೆ, ಮೊಬೈಲನ್ನು ಬ್ಲೌಸಿನೊಳಗೆ ಇಟ್ಟುಕೊಂಡರೆ ಬರುತ್ತಂತೆ ಎಂಬ ಮೆಸೇಜುಗಳಿಗೆ ಆಧಾರವಿಲ್ಲ. ಅವನ್ನು ಫಾರ್ವರ್ಡ್ ಮಾಡುವ ಹೊತ್ತಿನಲ್ಲಿ ಒಂದು ಸುತ್ತು ನಡೆದು ಬರಬಹುದು.

ಸೋದರತ್ತೆಯ ವಿಷಯ ಕೇಳಿದ್ದೀರಾ?

ಇನ್ನು ಮನೆತನದ ವಿಷಯ. ನಮ್ಮಲ್ಲಿ ಬಹಳ ಮಂದಿ ಸ್ತನ ಕ್ಯಾನ್ಸರ್ ಅಂದರೆ ಅಮ್ಮನ ಕಡೆಯಿಂದ ಮಾತ್ರ ಬರುವುದು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ದೋಷವಿರುವ ಜೀನ್ ಅಪ್ಪನಿಂದಲೂ ಬರುತ್ತದೆ. ಅಪ್ಪನಿಗೆ ಏನೂ ಆಗದೆ ಇರಬಹುದು, ಆದರೆ ಅವರ ತಾಯಿಗೋ ತಂಗಿಗೋ ಇದ್ದರೆ ಅದು ಅವರ ಮೂಲಕ ಮಗಳಿಗೆ ಇಳಿಯಬಹುದು. ತಂದೆಯಾಗಲಿ ತಾಯಿಯಾಗಲಿ ದೋಷ ಹೊತ್ತಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಚಿಕ್ಕಮ್ಮ ದೊಡ್ಡಮ್ಮನಷ್ಟೇ ಸೋದರತ್ತೆಯೂ ಮುಖ್ಯ.

ಆದರೆ ಕೇಳಿದರೆ ಹೇಳಬೇಕಲ್ಲ? ‘ಹೊಟ್ಟೆ ನೋವಿತ್ತು, ಹೋದರು’, ‘ಏನೋ ಗಂಟಿತ್ತಂತೆ’, ಇಷ್ಟೇ ಉತ್ತರ. ಕಾಯಿಲೆಯ ಹೆಸರು ಹೇಳುವುದಕ್ಕೇ ಹೆದರಿಕೆ. ಅದರಲ್ಲೂ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರೆ ಮುಗಿಯಿತು, ‘ಹೊರಗೆ ಬಾಯಿ ಬಿಡಬೇಡ, ಗಂಡಿನ ಕಡೆಯವರಿಗೆ ಗೊತ್ತಾದರೆ ಸಂಬಂಧ ತಪ್ಪುತ್ತೆ’ ಎನ್ನುತ್ತಾರೆ. ನನ್ನ ಗೆಳತಿಯೊಬ್ಬಳಿಗೆ 38ಕ್ಕೆ ಸ್ತನ ಕ್ಯಾನ್ಸರ್ ಬಂತು. ಆಸ್ಪತ್ರೆಯಲ್ಲಿ ಕೂತಿದ್ದಾಗ ಅವಳ ತಂದೆ ಮೊದಲ ಬಾರಿಗೆ ಬಾಯಿಬಿಟ್ಟರು. ಅವರ ಇಬ್ಬರು ಅಕ್ಕಂದಿರು ನಲವತ್ತೈದು ದಾಟುವ ಮೊದಲೇ ಇದೇ ಕಾಯಿಲೆಯಲ್ಲಿ ಹೋಗಿದ್ದರು. ಇಪ್ಪತ್ತು ವರ್ಷ ಮನೆಯಲ್ಲಿ ಅದನ್ನು ‘ಕ್ಷಯ’ ಅಂತ ಹೇಳಿಕೊಂಡು ಬಂದಿದ್ದರು. ಅವಳೀಗ ಚೆನ್ನಾಗಿದ್ದಾಳೆ. ಆದರೆ ಅವಳ ಚಿಕ್ಕಪ್ಪನ ಮಕ್ಕಳಿಗೆ ಯಾರು ಹೇಳಬೇಕು ಎಂಬ ಜಗಳ ಆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮುಚ್ಚಿಟ್ಟರೆ ಸಂಬಂಧ ಉಳಿಯಬಹುದು, ಜೀನ್ ಏನೂ ಸುಮ್ಮನಿರುವುದಿಲ್ಲ. ಸೊಸೆಯ ಮನೆತನದಲ್ಲಿ ಕ್ಯಾನ್ಸರ್ ಇತ್ತು ಅಂತ ಮೂಗು ಮುರಿಯುವ ಅತ್ತೆಯರೂ ನೆನಪಿಡಿ, ತಮ್ಮ ಮಗನೂ ಏನನ್ನು ಹೊತ್ತು ತಂದಿರಬಹುದೋ ಯಾರಿಗೂ ಗೊತ್ತಿಲ್ಲ.

ಮುಂದಿನ ಬಾರಿ ಹಬ್ಬಕ್ಕೋ ಗೃಹಪ್ರವೇಶಕ್ಕೋ ಎಲ್ಲರೂ ಸೇರಿದಾಗ ಮನೆಯ ಹಿರಿಯರ ಪಕ್ಕ ಕೂತು ನಿಧಾನವಾಗಿ ಕೇಳಿ. ಅಮ್ಮನ ಕಡೆ ಒಂದು ಹಾಳೆ, ಅಪ್ಪನ ಕಡೆ ಒಂದು ಹಾಳೆ. ಯಾರಿಗೆ, ಯಾವ ಜಾಗದಲ್ಲಿ, ಎಷ್ಟನೇ ವಯಸ್ಸಿಗೆ. ವಯಸ್ಸು ಬಹಳ ಮುಖ್ಯ. ಎಪ್ಪತ್ತೈದರ ಅಜ್ಜಿಗೆ ಬಂದದ್ದಕ್ಕೂ ಮೂವತ್ತೈದರ ಅತ್ತೆಗೆ ಬಂದದ್ದಕ್ಕೂ ಅರ್ಥ ಬೇರೆ.

ಪರೀಕ್ಷೆ ಯಾರಿಗೆ?

ಆ ಹಾಳೆಯಲ್ಲಿ ಒಂದೇ ಕಡೆಯ ಇಬ್ಬರು ಮೂವರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ, ಯಾರಿಗಾದರೂ 50ಕ್ಕಿಂತ ಮೊದಲೇ ಬಂದಿದ್ದರೆ, ಎರಡೂ ಸ್ತನಕ್ಕೆ ಬಂದಿದ್ದರೆ, ಗಂಡಸಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ (ಹೌದು, ಗಂಡಸರಿಗೂ ಬರುತ್ತೆ), ಜೀನ್ ಪರೀಕ್ಷೆಯ ಬಗ್ಗೆ ಕ್ಯಾನ್ಸರ್ ತಜ್ಞರನ್ನು ಕೇಳಬೇಕು. ಎಲ್ಲರಿಗೂ ಇದು ಬೇಡ. ರಕ್ತ ಅಥವಾ ಎಂಜಲು ಕೊಟ್ಟರೆ ಸಾಕು, ಆದರೆ ಫಲಿತಾಂಶ ಓದುವುದು ಸುಲಭವಲ್ಲ. ‘ವ್ಯತ್ಯಾಸ ಇದೆ, ಅರ್ಥ ಗೊತ್ತಿಲ್ಲ’ ಎಂಬ ಉತ್ತರವೂ ಬರುತ್ತದೆ. ಆದ್ದರಿಂದ ಮನೆಗೆ ಕಿಟ್ ತರಿಸಿಕೊಂಡು ಮಾಡಿಸುವುದಕ್ಕಿಂತ ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿ. ಸಾಧ್ಯವಿದ್ದರೆ ಕಾಯಿಲೆ ಬಂದವರಿಗೇ ಮೊದಲು ಪರೀಕ್ಷೆ. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರಾಯಿತು. ಇಲ್ಲ ಅಂತ ಬಂದ ಮಗಳು ನೆಮ್ಮದಿಯಿಂದ ಮಲಗಬಹುದು. ಉಳಿದ ಹೆಂಗಸರಿಗಿರುವಷ್ಟೇ ಅಪಾಯ ಅವಳಿಗೂ.

ಇದೆ ಅಂತ ಬಂದರೆ? 2013ರಲ್ಲಿ ಹಾಲಿವುಡ್ ನಟಿ ಏಂಜಲೀನಾ ಜೋಲಿ ಎರಡೂ ಸ್ತನ ತೆಗೆಸಿಕೊಂಡದ್ದನ್ನು ಪತ್ರಿಕೆಯಲ್ಲಿ ಬರೆದುಕೊಂಡಾಗ ದೊಡ್ಡ ಸುದ್ದಿಯಾಯಿತು. ಆಕೆಯ ತಾಯಿಯೂ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆದರೆ ಅದೊಂದೇ ದಾರಿಯಲ್ಲ. ಚಿಕ್ಕ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ, ಮೂವತ್ತರ ನಂತರ ಮ್ಯಾಮೊಗ್ರಾಂ ಮಾಡಿಸುತ್ತಾ ನಿಗಾ ಇಡಬಹುದು. ಅಂಡಾಶಯದ ಕ್ಯಾನ್ಸರ್ ಮಾತ್ರ ಕೊನೆಯವರೆಗೂ ಸುಳಿವು ಕೊಡುವುದಿಲ್ಲ, ಅದಕ್ಕೇ ಮಕ್ಕಳಾದ ಮೇಲೆ ಅಂಡಾಶಯ ತೆಗೆಸುವ ಸಲಹೆ ಕೊಡುತ್ತಾರೆ. ಯಾವುದು, ಯಾವಾಗ ಅನ್ನುವುದು ಆಯಾ ಹೆಣ್ಣಿನ ನಿರ್ಧಾರ. ಗಂಡನದ್ದೂ ಅಲ್ಲ, ಅತ್ತೆಯದ್ದೂ ಅಲ್ಲ.

ಮನೆತನದಲ್ಲಿ ಯಾರಿಗೂ ಇಲ್ಲದವರೂ ತಪಾಸಣೆ ಬಿಡುವಂತಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ಒಂದು ಅಧ್ಯಯನ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅವರಲ್ಲಿ ಅರ್ಧದಷ್ಟು ಹೆಂಗಸರ ಸ್ತನವನ್ನು ಎರಡು ವರ್ಷಕ್ಕೊಮ್ಮೆ ಬರೀ ಕೈಯಲ್ಲಿ ಮುಟ್ಟಿ ಪರೀಕ್ಷಿಸಿದರು, ಅಷ್ಟೇ. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ದುಬಾರಿ ಯಂತ್ರ ಬೇಕಿರಲಿಲ್ಲ. ಮೂವತ್ತು ದಾಟಿದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕೊರಳು ಮೂರರ ತಪಾಸಣೆಯೂ ಸರಕಾರದ ಕಾರ್ಯಕ್ರಮದಲ್ಲೇ ಇದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಸ್ತನದಲ್ಲಿ ಹೊಸ ಗಂಟು, ಚರ್ಮ ಕುಳಿಬಿದ್ದ ಹಾಗೆ ಕಾಣುವುದು, ತೊಟ್ಟು ಒಳಕ್ಕೆ ಸೇದಿಕೊಳ್ಳುವುದು ಅಥವಾ ಅದರಿಂದ ರಕ್ತ, ಕಂಕುಳಲ್ಲಿ ಗಂಟು, ಇವುಗಳಲ್ಲಿ ಯಾವುದಾದರೂ ಕಂಡರೆ ‘ನೋವಿಲ್ವಲ್ಲ’ ಅಂತ ಬಿಡಬೇಡಿ. ಶುರುವಿನಲ್ಲಿ ಇದಕ್ಕೆ ಸಾಮಾನ್ಯವಾಗಿ ನೋವಿರುವುದಿಲ್ಲ. ಮಗಳ ಪರೀಕ್ಷೆ ಮುಗೀಲಿ, ಊರಿನಿಂದ ಅತ್ತೆ ಬಂದು ಹೋಗಲಿ ಅಂತಲೂ ಕಾಯಬೇಡಿ. ಡಾಕ್ಟರಿಗೆ ತೋರಿಸಲು ಹೋಗುವಾಗ ಆ ಎರಡು ಹಾಳೆಗಳನ್ನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಅವರು ಕೇಳದಿದ್ದರೂ ನೀವಾಗಿಯೇ ಮುಂದಿಡಿ.